ಹೆಜ್ಜೆ ತಪ್ಪಿದ ಮೋಟಾರು, ದಾರಿ ತಪ್ಪಿದ ಸಲಹೆ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಲ್ಲಿ ಒಂದು ಬೇವಿನ ಹಲಗೆಯನ್ನು ನೋಡಿದೆ. ಅದರ ಮೇಲೆ ಊರಿನ ಹೆಸರನ್ನೇ ಕೊರೆಯಲು ಹೊರಟಿದ್ದರು. ಮೊದಲ ‘ನ’ ಅಚ್ಚುಕಟ್ಟಾಗಿ ಬಂದಿದೆ. ‘ನ್ನಿ’ಯ ಮೇಲಿನ ಭಾಗವೂ ಸರಿ. ಅದರ ಒತ್ತು ಮಾತ್ರ ಬಲಕ್ಕೆ ಸರಿದು ‘ವಾ’ ಬರಬೇಕಾದ ಜಾಗದ ಕೆಳಗೆ ಕುಳಿತಿದೆ. ಅಲ್ಲಿಂದ ಮುಂದಿನ ಅಕ್ಷರಗಳೆಲ್ಲವೂ ಅಷ್ಟೇ ಪ್ರಮಾಣದಲ್ಲಿ ಬಲಕ್ಕೆ ಜರುಗಿವೆ. ಹಲಗೆ ಹಾಳು.

ಕೊರೆದದ್ದು ಡಿಪ್ಲೊಮಾ ಓದುವ ಹುಡುಗನೊಬ್ಬ ಬಡಗಿ ಕೆಲಸದ ತಂದೆಯೊಂದಿಗೆ ಸೇರಿ ಮನೆಯಲ್ಲೇ ಕಟ್ಟಿದ ಸಿಎನ್‌ಸಿ ಯಂತ್ರ. ಅಲ್ಯುಮಿನಿಯಂ ಚೌಕಟ್ಟು, ಮೂರು ನೆಮಾ 17 ಸ್ಟೆಪರ್ ಮೋಟಾರು, 2 ಮಿಲಿಮೀಟರ್ ಲೀಡ್‌ನ ಸ್ಕ್ರೂಗಳು, ಒಂದು ಅರ್ಡುಯಿನೊ ಯುನೊ, ಅದರ ಮೇಲೆ ಎ4988 ಡ್ರೈವರ್‌ಗಳು, 12 ವೋಲ್ಟ್ ಪವರ್ ಸಪ್ಲೈ. ಹವ್ಯಾಸಿಗಳ ಯಂತ್ರಗಳು ಎಲ್ಲೆಡೆ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ರೋಗವೂ ಒಂದೇ: ಮೋಟಾರು ನಡುವೆ ‘ಗುಂಯ್’ ಎಂದು ಸದ್ದು ಮಾಡುತ್ತ ನಿಂತುಬಿಡುತ್ತದೆ. ಮರುಕ್ಷಣ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಆ ಹುಡುಗನಿಗೆ ಬಂದ ಸಲಹೆಗಳು ನಾಲ್ಕು. ಕೊರೆಯುವ ಬಿಟ್ ಮೊಂಡಾಗಿದೆ, ಬದಲಿಸು. ಡ್ರೈವರ್‌ನ ಕರೆಂಟು ಹೆಚ್ಚಿಸು. ಮೈಕ್ರೊಸ್ಟೆಪ್ ಕಡಿಮೆ ಮಾಡು. ಕೊನೆಗೆ, ದೊಡ್ಡ ಮೋಟಾರು ತೆಗೆದುಕೋ. ಮೊದಲ ಮೂರನ್ನೂ ಮಾಡಿ ಮುಗಿಸಿ, ನಾಲ್ಕನೆಯದಕ್ಕೆ ಹಣ ಹೊಂದಿಸುತ್ತಿದ್ದ. ನನ್ನ ತಕರಾರು ಇರುವುದು ಈ ಸಲಹೆಗಳ ಬಗ್ಗೆ, ಮತ್ತು ಇಂಥ ಸಲಹೆಗಳನ್ನು ಪ್ರಶ್ನಿಸುವ ಶಕ್ತಿಯನ್ನು ವಿದ್ಯಾರ್ಥಿಗೆ ಕೊಡದ ನಮ್ಮ ಪಾಠದ ಬಗ್ಗೆ.

ಆತನ ಒಂದು ಮಾತಿನಲ್ಲಿ ಉತ್ತರದ ಅರ್ಧ ಭಾಗ ಇತ್ತು: “ಸಾರ್, ಮರ ಕೊರೆಯೋವಾಗ ಏನೂ ಆಗಲ್ಲ. ಬಿಟ್ ಮೇಲೆತ್ತಿ ಪಕ್ಕಕ್ಕೆ ಓಡೋವಾಗ್ಲೇ ಕೈಕೊಡುತ್ತೆ.”

ಇದನ್ನು ಕೇಳಿದ ಮೇಲೂ ಬಿಟ್ ಬದಲಿಸಲು ಹೇಳುವವರು ಮಾತನ್ನು ಕಿವಿಗೆ ಹಾಕಿಕೊಂಡಿಲ್ಲವೆಂದೇ ಅರ್ಥ. ಮರವನ್ನು ಸೀಳುವಾಗ ನಿಲ್ಲದ ಮೋಟಾರು ಗಾಳಿಯಲ್ಲಿ ಓಡುವಾಗ ನಿಲ್ಲುವುದಾದರೆ ಹೊರೆ ಕಾರಣವಲ್ಲ, ವೇಗ ಕಾರಣ. ಕೊರೆಯುವಾಗಿನ ವೇಗ ನಿಮಿಷಕ್ಕೆ 600 ಮಿಲಿಮೀಟರ್, ಎತ್ತಿ ಓಡುವಾಗ 2000. ಕನ್ನಡ ಅಕ್ಷರಗಳಲ್ಲಿ ಒತ್ತು, ದೀರ್ಘ, ಕೊಂಬುಗಳಿಗಾಗಿ ಬಿಟ್ಟನ್ನು ಮತ್ತೆ ಮತ್ತೆ ಎತ್ತಿ ಇಳಿಸಬೇಕು. ಆದ್ದರಿಂದ ಇಂಗ್ಲಿಷ್ ಫಲಕ ಸರಿಯಾಗಿ ಬಂದು ಕನ್ನಡ ಫಲಕ ಕೆಟ್ಟರೆ ಆಶ್ಚರ್ಯಪಡಬೇಕಿಲ್ಲ.

ಎಣಿಸುತ್ತದೆ, ನೋಡುವುದಿಲ್ಲ

ಸ್ಟೆಪರ್ ಮೋಟಾರಿನ ಸಾಮಾನ್ಯ ಬಗೆಯಲ್ಲಿ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ನಿಯಂತ್ರಕವು ಮಿಡಿತಗಳನ್ನು ಕಳಿಸುತ್ತದೆ, ಎಷ್ಟು ಕಳಿಸಿದೆ ಎಂಬುದನ್ನು ಲೆಕ್ಕ ಇಟ್ಟುಕೊಳ್ಳುತ್ತದೆ. ಮೋಟಾರು ಅಷ್ಟು ಹೆಜ್ಜೆ ಇಟ್ಟಿತೇ ಎಂದು ಅದು ಕೇಳುವುದಿಲ್ಲ. ಮೊಳಕಾಲ್ಮುರಿನ ರೇಷ್ಮೆ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ಕಾರ್ಡುಗಳು ಒಂದರ ಹಿಂದೆ ಒಂದರಂತೆ ಸರಿಯುತ್ತವೆ. ಒಂದು ಕಾರ್ಡು ಹಾರಿದರೂ ವಿನ್ಯಾಸ ಅಲ್ಲಿಂದ ಮುಂದೆ ಜರುಗುತ್ತದೆ, ಮಗ್ಗಕ್ಕೆ ಅದು ತಿಳಿಯುವುದಿಲ್ಲ. ಆದರೆ ಮಗ್ಗದ ಮುಂದೆ ನೇಕಾರ ಕುಳಿತಿರುತ್ತಾನೆ, ಸೀರೆಯನ್ನು ನೋಡುತ್ತಾನೆ. ನಮ್ಮ ಯಂತ್ರದ ಮುಂದೆ ಯಾರೂ ಇಲ್ಲ. ಕಾರ್ಖಾನೆಗಳ ಸಿಎನ್‌ಸಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಸರ್ವೊ ಮೋಟಾರು ಇರುತ್ತದೆ. ಅದರ ಬೆನ್ನಿಗಿರುವ ಎನ್‌ಕೋಡರ್ ‘ನಾನು ಎಲ್ಲಿದ್ದೇನೆ’ ಎಂಬುದನ್ನು ಕ್ಷಣಕ್ಷಣಕ್ಕೂ ತಿಳಿಸುತ್ತದೆ. ಹವ್ಯಾಸಿಗೆ ಆ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ.

ಈಗ ನಮ್ಮ ಪಾಠಕ್ಕೆ ಬರೋಣ. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಪ್ರಯೋಗಾಲಯಗಳಲ್ಲಿ 8086 ಅಥವಾ 8051ಕ್ಕೆ ಸ್ಟೆಪರ್ ಮೋಟಾರನ್ನು ಜೋಡಿಸಿ ತಿರುಗಿಸುವ ಪ್ರಯೋಗ ವರ್ಷಾನುಗಟ್ಟಲೆ ನಡೆದುಬಂದಿದೆ. ವಿದ್ಯಾರ್ಥಿ ನಾಲ್ಕು ಬಿಟ್‌ಗಳ ಅನುಕ್ರಮವನ್ನು ಬರೆಯುತ್ತಾನೆ, ಎರಡು ಹೆಜ್ಜೆಗಳ ನಡುವೆ ಒಂದು ವಿಳಂಬವನ್ನು ಇಡುತ್ತಾನೆ, ಮೋಟಾರು ಎಡಕ್ಕೂ ಬಲಕ್ಕೂ ತಿರುಗುತ್ತದೆ, ಅಂಕ ಸಿಗುತ್ತದೆ. ದಂಡಕ್ಕೆ ಯಾವ ಹೊರೆಯೂ ಇಲ್ಲ. ವಿಳಂಬ ಧಾರಾಳವಾಗಿದೆ. ಕುತೂಹಲಿಯೊಬ್ಬ ವಿಳಂಬವನ್ನು ಕಡಿಮೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಮೋಟಾರು ನಡುಗಿ ನಿಲ್ಲುತ್ತದೆ. ಇಡೀ ಪ್ರಯೋಗದಲ್ಲಿ ಕಲಿಯಬೇಕಾದ ಭೌತವಿಜ್ಞಾನ ಇರುವುದು ಆ ಕ್ಷಣದಲ್ಲಿ. ಆದರೆ ಅವನು ‘ಪ್ರೋಗ್ರಾಂ ತಪ್ಪಾಗಿದೆ’ ಎಂದುಕೊಂಡು ವಿಳಂಬವನ್ನು ಮತ್ತೆ ಹೆಚ್ಚಿಸುತ್ತಾನೆ. ವಿಶೇಷ ವಿದ್ಯುದ್ಯಂತ್ರಗಳ ಅಧ್ಯಾಯದಲ್ಲಿ ಸ್ಟೆಪರಿನ ವೇಗ ಹೆಚ್ಚಿದಂತೆ ಟಾರ್ಕ್ ಇಳಿಯುವ ರೇಖೆಯೇನೋ ಇರುತ್ತದೆ. ಅದನ್ನು ಓದುವುದು ಒಂದು ತರಗತಿ, ಮೋಟಾರು ತಿರುಗಿಸುವುದು ಇನ್ನೊಂದು ಕೋಣೆ. ಎರಡೂ ಭೇಟಿಯಾಗುವುದಿಲ್ಲ.

ಹೀಗಾಗಿ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವ ಚಿತ್ರ ಇದು: ಸ್ಟೆಪರ್ ಎಂಬುದು ಹೇಳಿದ ಮಾತು ಕೇಳುವ ಡಿಜಿಟಲ್ ಸಾಧನ, ಕೇಳದಿದ್ದರೆ ಅದಕ್ಕೆ ಬಲ ಸಾಲದು. ನನ್ನ ಪ್ರಕಾರ ಸಲಹೆಗಳೆಲ್ಲ ಹುಟ್ಟುವುದು ಈ ತಪ್ಪು ಚಿತ್ರದಿಂದ. ನಿಜದಲ್ಲಿ ಓಡುತ್ತಿರುವ ಸ್ಟೆಪರ್ ಪರ್ಯಾಯ ವಿದ್ಯುತ್ತಿನ ಸಿಂಕ್ರೊನಸ್ ಮೋಟಾರು. ಅದರ ಎರಡು ಸುರುಳಿಗಳಲ್ಲಿ ಪ್ರವಾಹವು ದಿಕ್ಕು ಬದಲಿಸುತ್ತಲೇ ಇರುತ್ತದೆ. ಒಂದು ಸುತ್ತಿಗೆ ಇಂಥ ಪೂರ್ಣ ಆವರ್ತ 50.

ದ್ವಿತೀಯ ಪಿಯುಸಿ ಪಾಠ ಸಾಕು

ಇದನ್ನು ಒಪ್ಪಿಕೊಂಡರೆ ಲೆಕ್ಕ ಮಾಡಲು ದ್ವಿತೀಯ ಪಿಯುಸಿಯ ಪರ್ಯಾಯ ವಿದ್ಯುತ್ ಅಧ್ಯಾಯ ಸಾಕು. ನೆಮಾ 17 ಎಂಬುದು ಬಲದ ಅಳತೆ ಅಲ್ಲವೇ ಅಲ್ಲ. ಮುಂಭಾಗದ ಪಟ್ಟಿಯ ಬದಿ 1.7 ಇಂಚು, ಅಂದರೆ ಸುಮಾರು 42 ಮಿಲಿಮೀಟರ್ ಎಂದಷ್ಟೇ ಅದರ ಅರ್ಥ. ಆ ಗಾತ್ರದ ಒಂದು ಸಾಮಾನ್ಯ ಮೋಟಾರನ್ನು ತೆಗೆದುಕೊಳ್ಳಿ: ಪ್ರವಾಹ 1.7 ಆಂಪಿಯರ್, ಸುರುಳಿಯ ರೋಧ 1.5 ಓಮ್, ಇಂಡಕ್ಟೆನ್ಸ್ ಅಂದರೆ ಪ್ರೇರಕತೆ 2.8 ಮಿಲಿಹೆನ್ರಿ, ಹಿಡಿದು ನಿಲ್ಲುವ ಟಾರ್ಕ್ 0.4 ನ್ಯೂಟನ್‌ಮೀಟರ್.

ಈ ಕೊನೆಯ ಅಂಕೆಯನ್ನೇ ಅಂಗಡಿಯವರು ದೊಡ್ಡದಾಗಿ ಬರೆಯುವುದು. ಅದು ಎರಡೂ ಸುರುಳಿಗಳಲ್ಲಿ ಪೂರ್ಣ ಪ್ರವಾಹ ಇದ್ದು, ಮೋಟಾರು ನಿಂತಿರುವಾಗಿನ ಟಾರ್ಕ್. ನಿಂತಾಗಿನ ಬಲವನ್ನು ಓಡುವಾಗಿನ ಬಲವೆಂದು ಓದುವುದು ಮೊದಲನೆಯ ತಪ್ಪು.

ಎರಡು ಸುರುಳಿಗಳ ಟಾರ್ಕುಗಳು ಲಂಬ ಸದಿಶಗಳಂತೆ ಕೂಡುವುದರಿಂದ ಒಂದು ಸುರುಳಿಯ ಪಾಲು 0.4ನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 0.283. ಅದನ್ನು 1.7ರಿಂದ ಭಾಗಿಸಿದರೆ ಆಂಪಿಯರಿಗೆ 0.166 ನ್ಯೂಟನ್‌ಮೀಟರ್. ಇದೇ ಅಂಕೆಯನ್ನು ಕೋನೀಯ ವೇಗದಿಂದ ಗುಣಿಸಿದರೆ ತಿರುಗುವ ಕಾಂತವು ಸುರುಳಿಯಲ್ಲಿ ಹುಟ್ಟಿಸುವ ಹಿಮ್ಮುಖ ವಿದ್ಯುಚ್ಚಾಲಕ ಬಲ ಸಿಗುತ್ತದೆ.

ಕೊರೆಯುವಾಗ ನಿಮಿಷಕ್ಕೆ 600 ಮಿಲಿಮೀಟರ್, ಸ್ಕ್ರೂವಿನ ಲೀಡ್ 2 ಮಿಲಿಮೀಟರ್. ಆದ್ದರಿಂದ ಮೋಟಾರು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಸೆಕೆಂಡಿಗೆ 31.4 ರೇಡಿಯನ್. ಹಿಮ್ಮುಖ ಬಲ 5.2 ವೋಲ್ಟ್. ರೋಧಕ್ಕೆ ಬೇಕಾದದ್ದು 1.7 × 1.5, ಅಂದರೆ 2.55 ವೋಲ್ಟ್. ಸುರುಳಿಯ ಪ್ರತಿಘಾತ 50 × 31.4 × 0.0028, ಅಂದರೆ 4.4 ಓಮ್; ಅದಕ್ಕೆ 7.5 ವೋಲ್ಟ್. ಮೊದಲೆರಡು ಒಂದೇ ದಿಕ್ಕಿನವು, ಮೂರನೆಯದು ಅವಕ್ಕೆ ಲಂಬ. ಫೇಸರ್ ಚಿತ್ರ ಬರೆದು ಕರ್ಣವನ್ನು ಕಂಡುಹಿಡಿದರೆ ಸುಮಾರು 11 ವೋಲ್ಟ್. ಕೈಯಲ್ಲಿರುವುದು 12. ಸರಿಹೋಯಿತು, ಮರ ಕೊರೆಯುವಾಗ ಯಂತ್ರ ನಿಲ್ಲದಿರುವುದಕ್ಕೆ ಇದು ಕಾರಣ.

ಈಗ ಬಿಟ್ ಎತ್ತಿ ಓಡುವಾಗ ನಿಮಿಷಕ್ಕೆ 2000 ಮಿಲಿಮೀಟರ್, 1000 ಸುತ್ತು. ಅದೇ ಲೆಕ್ಕ: ಹಿಮ್ಮುಖ ಬಲ 17.4, ರೋಧಕ್ಕೆ 2.55, ಪ್ರತಿಘಾತಕ್ಕೆ 25 ವೋಲ್ಟ್. ಕರ್ಣ 32 ವೋಲ್ಟ್! ಪೂರ್ಣ ಪ್ರವಾಹ ಹರಿಸಲು 32 ವೋಲ್ಟ್ ಬೇಕಾದಲ್ಲಿ 12 ಇದೆ. ಅದೇ ಮಾದರಿಯಿಂದ ಲೆಕ್ಕ ಹಾಕಿದರೆ ಆ ವೇಗದಲ್ಲಿ ಸಿಗಬಹುದಾದ ಗರಿಷ್ಠ ಟಾರ್ಕ್ 0.12 ನ್ಯೂಟನ್‌ಮೀಟರಿನಷ್ಟು, ಚೀಟಿಯಲ್ಲಿ ಬರೆದಿರುವುದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಇದು ಆದರ್ಶ ಲೆಕ್ಕ; ವಾಸ್ತವದಲ್ಲಿ ಇನ್ನೂ ಕಡಿಮೆ. ಸ್ಕ್ರೂ ಸ್ವಲ್ಪ ಓರೆಯಾಗಿದ್ದರೆ, ನಟ್ಟಿನಲ್ಲಿ ಕೆಂಪು ದೂಳು ಸೇರಿದ್ದರೆ, ಅಷ್ಟೇ ಸಾಕು.

ಈಗ ಆ ಸಲಹೆಗಳನ್ನು ಒಂದೊಂದಾಗಿ ತೂಗಿ ನೋಡಬಹುದು.

ಕರೆಂಟು ಹೆಚ್ಚಿಸುವುದು: 12 ವೋಲ್ಟ್ ಇರುವಷ್ಟೂ ಹೊತ್ತು 1000 ಸುತ್ತಿನ ವೇಗದಲ್ಲಿ ಆ ಕರೆಂಟು ಸುರುಳಿಯೊಳಕ್ಕೆ ಹೋಗುವುದೇ ಇಲ್ಲ. ಡ್ರೈವರಿನ ತಿರುಪನ್ನು ಎಷ್ಟು ತಿರುವಿದರೂ ಅದು ಮಿತಿಯನ್ನು ಹೆಚ್ಚಿಸುತ್ತದೆಯೇ ಹೊರತು ಪ್ರವಾಹವನ್ನಲ್ಲ. ನಿಂತಿರುವಾಗ, ನಿಧಾನವಾಗಿ ಹೋಗುವಾಗ ಮಾತ್ರ ಹೆಚ್ಚು ಕರೆಂಟು ಹರಿದು ಡ್ರೈವರ್ ಕಾಯುತ್ತದೆ. ಎ4988 ತಂಪುಗೊಳಿಸುವ ಪಟ್ಟಿ ಇಲ್ಲದೆ ಸುಮಾರು 1 ಆಂಪಿಯರ್ ತಡೆಯಬಲ್ಲದು. ಅತಿಯಾಗಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಕಡಿದುಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ಶುರು ಮಾಡುತ್ತದೆ. ನನ್ನಿವಾಳದ ಯಂತ್ರ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಹೆಚ್ಚು ಹೆಜ್ಜೆ ತಪ್ಪುತ್ತಿತ್ತು. ಚಳ್ಳಕೆರೆ ಸೀಮೆಯ ಬೇಸಿಗೆ ಮಧ್ಯಾಹ್ನ ಎಂಥದ್ದೆಂದು ಗೊತ್ತಿರುವವರಿಗೆ ಕಾರಣ ಹೊಳೆಯುತ್ತದೆ. ಸಲಹೆಯು ಮೊದಲ ರೋಗವನ್ನು ಗುಣಪಡಿಸದೆ ಎರಡನೆಯದನ್ನು ತಂದಿತ್ತು.

ಅಂದಹಾಗೆ, ಕರೆಂಟನ್ನು ಅಂದಾಜಿನಿಂದ ಹೊಂದಿಸಬಾರದು. ಎ4988ರಲ್ಲಿ ಉಲ್ಲೇಖ ವೋಲ್ಟೇಜನ್ನು ಸಂವೇದನಾ ರೋಧದ ಎಂಟು ಪಟ್ಟಿನಿಂದ ಭಾಗಿಸಿದರೆ ಪ್ರವಾಹದ ಮಿತಿ ಬರುತ್ತದೆ. ರೋಧ 0.1 ಓಮ್ ಇದ್ದರೆ 0.8 ವೋಲ್ಟಿಗೆ 1 ಆಂಪಿಯರ್. ಬೇರೆ ಬೇರೆ ತಯಾರಕರ ಹಲಗೆಗಳಲ್ಲಿ ಈ ರೋಧ 0.05 ಕೂಡ ಇರಬಹುದು. ಆಗ ಅದೇ 0.8 ವೋಲ್ಟಿಗೆ 2 ಆಂಪಿಯರ್. ರೋಧದ ಮೇಲಿನ ಚಿಕ್ಕ ಅಕ್ಷರವನ್ನು ಭೂತಗನ್ನಡಿಯಿಂದ ಓದದೆ ತಿರುಪಿಗೆ ಕೈ ಹಾಕಬೇಡಿ.

ಮೈಕ್ರೊಸ್ಟೆಪ್ ಕಡಿಮೆ ಮಾಡುವುದು: ಮೈಕ್ರೊಸ್ಟೆಪ್ಪಿನಿಂದ ಬಲ ಕುಗ್ಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹದಿನಾರನೇ ಒಂದು ಹೆಜ್ಜೆಯಷ್ಟು ಹಿಂದೆ ಬಿದ್ದಾಗ ಮೋಟಾರು ತೋರಿಸುವ ಟಾರ್ಕ್ ಪೂರ್ಣ ಟಾರ್ಕಿನ ಸುಮಾರು ಶೇಕಡ 10 ಎಂಬುದು ನಿಜ. ಆದರೆ ಹೊರೆ ಹೆಚ್ಚಿದರೆ ರೋಟರು ಇನ್ನಷ್ಟು ಹಿಂದೆ ಬಿದ್ದು ಇನ್ನಷ್ಟು ಟಾರ್ಕ್ ಕೊಡುತ್ತದೆ. ಗರಿಷ್ಠ ಮಿತಿ ಹಾಗೆಯೇ ಇರುತ್ತದೆ. ಕಳೆದುಕೊಳ್ಳುವುದು ಸೂಕ್ಷ್ಮತೆಯ ಭರವಸೆಯನ್ನು, ಬಲವನ್ನಲ್ಲ. ಹಾಗಿದ್ದರೂ ಈ ಸಲಹೆಯಿಂದ ಕೆಲವೊಮ್ಮೆ ಗುಣ ಕಾಣುತ್ತದೆ, ಕಾರಣ ಮಾತ್ರ ಬೇರೆ. ಅರ್ಡುಯಿನೊ ಯುನೊ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಸೆಕೆಂಡಿಗೆ ಸುಮಾರು 30,000 ಮಿಡಿತಗಳನ್ನು ಕೊಡಬಲ್ಲದು. 16 ಮೈಕ್ರೊಸ್ಟೆಪ್ ಇಟ್ಟು 1000 ಸುತ್ತು ಕೇಳಿದರೆ 53,000 ಮಿಡಿತ ಬೇಕು. ಆ ಪುಟ್ಟ ಚಿಪ್ಪಿಗೆ ಅದು ಸಾಧ್ಯವಿಲ್ಲ. 8ಕ್ಕೆ ಇಳಿಸಿದರೆ 27,000ದೊಳಗೆ ಮುಗಿಯುತ್ತದೆ. ಕೆಲಸ ಹಗುರವಾದದ್ದು ಚಿಪ್ಪಿಗೆ, ಹೆಸರು ಬಂದದ್ದು ಮೋಟಾರಿನ ಬಲಕ್ಕೆ.

ದೊಡ್ಡ ಮೋಟಾರು: ಇದು ಎಲ್ಲಕ್ಕಿಂತ ದುಬಾರಿ ಸಲಹೆ. 1.26 ನ್ಯೂಟನ್‌ಮೀಟರ್, 2.8 ಆಂಪಿಯರ್, 0.9 ಓಮ್, 2.5 ಮಿಲಿಹೆನ್ರಿಯ ಒಂದು ನೆಮಾ 23 ಮೋಟಾರಿಗೆ ಅದೇ ಫೇಸರ್ ಲೆಕ್ಕ ಮಾಡಿ. 500 ಸುತ್ತಿನಲ್ಲಿ ಪೂರ್ಣ ಪ್ರವಾಹಕ್ಕೆ ಅದು ಸುಮಾರು 27 ವೋಲ್ಟ್ ಕೇಳುತ್ತದೆ. ಚಿಕ್ಕ ಮೋಟಾರು ಕೇಳುವುದು 17. ಅಂದರೆ 12 ವೋಲ್ಟಿನ ಮನೆಯಲ್ಲಿ ದೊಡ್ಡದು ಇನ್ನೂ ಹೆಚ್ಚು ಹಸಿದಿರುತ್ತದೆ. ಅದು ಚಿಕ್ಕದಕ್ಕಿಂತ ದುರ್ಬಲವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಚೀಟಿಯಲ್ಲಿ ಮೂರು ಪಟ್ಟು ಎಂದಿದ್ದರೂ ವೇಗದಲ್ಲಿ ಅಷ್ಟು ಸಿಗುವುದಿಲ್ಲ, ಸಿಕ್ಕಿದ್ದರಲ್ಲೂ ಒಂದು ಪಾಲು ಅದರದೇ ಭಾರದ ರೋಟರನ್ನು ತಿರುಗಿಸಲು ಹೋಗುತ್ತದೆ. ಜೊತೆಗೆ 2.8 ಆಂಪಿಯರ್ ಕೊಡಲು ಎ4988ಕ್ಕೆ ಆಗದು, ಡ್ರೈವರುಗಳನ್ನೂ ಬದಲಿಸಬೇಕು.

ಹಾಗಾದರೆ ಮಾಡಬೇಕಾದದ್ದು? ವೋಲ್ಟೇಜ್ ಹೆಚ್ಚಿಸುವುದು. 24 ವೋಲ್ಟಿಗೆ ಏರಿಸಿದರೆ 1000 ಸುತ್ತಿನಲ್ಲಿ ಸಿಗುವ ಗರಿಷ್ಠ ಟಾರ್ಕ್ ಲೆಕ್ಕದ ಪ್ರಕಾರ ಎರಡು ಪಟ್ಟಾಗುತ್ತದೆ. ಎ4988 35 ವೋಲ್ಟಿನವರೆಗೆ ತಾಳುತ್ತದೆ. ಮೋಟಾರಿನ ಮೇಲೆ ‘2.55 ವೋಲ್ಟ್’ ಎಂದು ಬರೆದಿರುವಾಗ 24 ಕೊಡಬಹುದೇ ಎಂಬ ಭಯ ಬೇಡ. ಆ ಅಂಕೆ ನಿಂತಿರುವ ಸುರುಳಿಯ ರೋಧಕ್ಕೆ ಸಂಬಂಧಿಸಿದ್ದು, ಪ್ರವಾಹವನ್ನು ಮಿತಿಯಲ್ಲಿಡುವ ಕೆಲಸ ಡ್ರೈವರಿನದು. ಅರ್ಡುಯಿನೊಗೆ ಮಾತ್ರ ಆ 24 ವೋಲ್ಟ್ ತಾಗದಂತೆ ನೋಡಿಕೊಳ್ಳಬೇಕು. ಇನ್ನೊಂದು ದಾರಿ, ಸ್ಕ್ರೂ ಬದಲಿಸುವುದು. ಲೀಡ್ 8 ಮಿಲಿಮೀಟರ್ ಇರುವ ಸ್ಕ್ರೂವಿನಲ್ಲಿ ಅದೇ 2000 ಮಿಲಿಮೀಟರ್ ವೇಗಕ್ಕೆ ಮೋಟಾರು 250 ಸುತ್ತು ತಿರುಗಿದರೆ ಸಾಕು, ಆಗ 9 ವೋಲ್ಟ್‌ನಲ್ಲಿ ಪೂರ್ಣ ಪ್ರವಾಹ ಹರಿಯುತ್ತದೆ. ತೂಕದ ಕೆಲಸಕ್ಕೆ ಮತ್ತು ಸೂಕ್ಷ್ಮತೆಗೆ 2 ಮಿಲಿಮೀಟರಿನದೇ ಮೇಲು ಎಂಬುದನ್ನು ಮರೆಯಬಾರದು. ಖರ್ಚೇ ಇಲ್ಲದ ದಾರಿ, ಗರಿಷ್ಠ ವೇಗದ ಮಿತಿಯನ್ನು ತಗ್ಗಿಸುವುದು.

ನಿಧಾನ ಮಾಡಿದರೆ ಯಾವಾಗಲೂ ಒಳ್ಳೆಯದೆಂದೂ ಅಲ್ಲ. ರೋಟರು ಕಾಂತಕ್ಷೇತ್ರದಲ್ಲಿ ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ತೂಗಾಡುತ್ತದೆ. ನಮ್ಮ ಮೋಟಾರಿಗೆ, ಸ್ಕ್ರೂವನ್ನೂ ಸೇರಿಸಿ, ಆ ತೂಗಾಟ ಸೆಕೆಂಡಿಗೆ ಸುಮಾರು 280 ಬಾರಿ. ಪೂರ್ಣ ಹೆಜ್ಜೆಗಳ ದರ ಅದಕ್ಕೆ ಸಮನಾದಾಗ, ಅಂದರೆ 85 ಸುತ್ತಿನ ಆಸುಪಾಸಿನಲ್ಲಿ, ಅನುರಣನೆ ಉಂಟಾಗಿ ಹಗುರ ಹೊರೆಯಲ್ಲೂ ಹೆಜ್ಜೆ ತಪ್ಪಬಹುದು. ಮೈಕ್ರೊಸ್ಟೆಪ್ಪಿನ ನಿಜವಾದ ಉಪಕಾರ ಇಲ್ಲಿದೆ, ಅದು ತಳ್ಳುವಿಕೆಯನ್ನು ನಯಗೊಳಿಸುತ್ತದೆ.

ತಪ್ಪಿದ ಅಳತೆಯೇ ಸಾಕ್ಷಿ

ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿ ಸಾಮಾನ್ಯ ಕೈಪಿಡಿಗಳಲ್ಲಿ ಕಾಣುವುದು ಕಡಿಮೆ. ಹೆಜ್ಜೆ ತಪ್ಪಿದ ರೋಟರು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಅದು ಮುಂದಿನ ಅಥವಾ ಹಿಂದಿನ ಆವರ್ತದ ಅದೇ ಸ್ಥಾನಕ್ಕೆ ಬೀಳುತ್ತದೆ, ಅಂದರೆ ನಾಲ್ಕು ಪೂರ್ಣ ಹೆಜ್ಜೆಗಳ ಗುಣಕಗಳಲ್ಲಿ. 2 ಮಿಲಿಮೀಟರ್ ಸ್ಕ್ರೂವಿನಲ್ಲಿ ಅದು 0.04 ಮಿಲಿಮೀಟರ್, ಕಣ್ಣಿಗೆ ಕಾಣದು. 8 ಮಿಲಿಮೀಟರಿನದರಲ್ಲಿ 0.16. ಶಾಲೆಗಳ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ಬಂದಿರುವಂಥ ತ್ರಿ-ಆಯಾಮ ಮುದ್ರಕಗಳಲ್ಲಿ ಸಾಮಾನ್ಯವಾಗಿ 20 ಹಲ್ಲಿನ ಗಾಲಿ, 2 ಮಿಲಿಮೀಟರ್ ಅಂತರದ ಬೆಲ್ಟ್ ಇರುತ್ತವೆ. ಸುತ್ತಿಗೆ 40 ಮಿಲಿಮೀಟರ್. ಅಲ್ಲಿ ತಪ್ಪು 0.8 ಮಿಲಿಮೀಟರಿನ ಗುಣಕ. ಮುದ್ರಿಸಿದ ವಸ್ತುವಿನ ಪದರ ಜರುಗಿದ್ದರೆ ವರ್ನಿಯರ್ ಕ್ಯಾಲಿಪರ್ ಇಟ್ಟು ನೋಡಿ. 0.8, 1.6, 2.4 ಎಂದು ಬಂದರೆ ಮೋಟಾರು ಹೆಜ್ಜೆ ತಪ್ಪಿದೆ. ದಿಕ್ಕು ಬದಲಿಸಿದಾಗಲೆಲ್ಲ ಒಂದೇ ಅಳತೆಯ ಕೊರತೆ ಕಂಡರೆ ಅದು ನಟ್ಟಿನ ಸಡಿಲ. ದೂರ ಹೆಚ್ಚಿದಂತೆ ತಪ್ಪೂ ಅದೇ ಪ್ರಮಾಣದಲ್ಲಿ ಹೆಚ್ಚಿದರೆ ಮಿಲಿಮೀಟರಿಗೆ ಇಷ್ಟು ಹೆಜ್ಜೆ ಎಂದು ಕೊಟ್ಟ ಅಂಕೆಯೇ ತಪ್ಪು. ಅಳತೆ ಮಾಡದೆ ಈ ಮೂರಕ್ಕೂ ‘ಮೋಟಾರು ವೀಕು’ ಎನ್ನುವುದು ಜ್ವರಕ್ಕೆಲ್ಲ ಒಂದೇ ಮಾತ್ರೆ ಕೊಟ್ಟಂತೆ.

ಇದಕ್ಕೂ ಮೊದಲು ವಿದ್ಯುತ್ ತೆಗೆದು ಸ್ಕ್ರೂವನ್ನು ಈ ತುದಿಯಿಂದ ಆ ತುದಿಗೆ ಬೆರಳಿನಿಂದ ತಿರುಗಿಸಿ ನೋಡಬೇಕು. ಎಲ್ಲಿ ಬಿಗಿಯಾಗುತ್ತದೋ ಅಲ್ಲಿ ಜೋಡಣೆ ಓರೆಯಾಗಿದೆ. ಮೋಟಾರಿನ ತಂತಿಗಳನ್ನು ಡ್ರೈವರಿನಿಂದ ಬಿಡಿಸಿ ಎರಡೆರಡಾಗಿ ಮುಟ್ಟಿಸಿದಾಗ ದಂಡ ಗಡುಸಾದರೆ ಆ ಎರಡೂ ಒಂದೇ ಸುರುಳಿಯವು. ಯಾವ ಜೊತೆಯೂ ಗಡುಸಾಗದಿದ್ದರೆ ತಂತಿ ಎಲ್ಲೋ ಕಡಿದಿದೆ. ಇದು ಲೆನ್ಜ್ ನಿಯಮದ ಅತ್ಯಂತ ಅಗ್ಗದ ಪ್ರಯೋಗವೂ ಹೌದು. ಆದರೆ ಡ್ರೈವರಿಗೆ ವಿದ್ಯುತ್ ಇರುವಾಗ ಮೋಟಾರಿನ ತಂತಿ ಕೀಳಬಾರದು, ಆ ಕ್ಷಣದಲ್ಲೇ ಡ್ರೈವರ್ ಸುಡಬಹುದು.

ಕಾಲೇಜಿನ ಪ್ರಯೋಗವನ್ನು ಬದಲಿಸಲು ಹೊಸ ಸಲಕರಣೆ ಬೇಕಿಲ್ಲ. ದಂಡಕ್ಕೊಂದು ರಾಟೆ, ರಾಟೆಗೊಂದು ದಾರ, ದಾರಕ್ಕೆ ತೂಕದ ಕಲ್ಲುಗಳು. ವೇಗವನ್ನು ಮೆಲ್ಲಗೆ ಏರಿಸುತ್ತ ಯಾವ ತೂಕಕ್ಕೆ ಯಾವ ವೇಗದಲ್ಲಿ ಮೋಟಾರು ಕೈಬಿಡುತ್ತದೆಂದು ಗುರುತಿಸುವುದು. ಮೊದಲು 12 ವೋಲ್ಟ್, ಆಮೇಲೆ 24. ಎರಡು ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆಯುವುದು. ಬಳಿಕ ವೇಗವನ್ನು ಮೆಲ್ಲಗೆ ಏರಿಸದೆ ಒಮ್ಮೆಲೇ ಕೊಟ್ಟು ನೋಡುವುದು. ರೇಖೆ ಎಷ್ಟು ಕೆಳಕ್ಕೆ ಕುಸಿಯುತ್ತದೆಂದು ಕಂಡಾಗ ವೇಗೋತ್ಕರ್ಷದ ಮಿತಿ ಏಕೆ ಬೇಕೆಂದು ಹೇಳಿಕೊಡಬೇಕಾಗುವುದಿಲ್ಲ. ಇದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರಕ್ಕೆ ವಿಜ್ಞಾನ ಶಿಕ್ಷಕರು ತರಬೇತಿಗೆ ಬರುತ್ತಾರೆ; ಅಂಥ ಶಿಬಿರಕ್ಕೆ ಒಂದು ಮಧ್ಯಾಹ್ನದ ಕೆಲಸವಾಗಿ ಇದು ಚೆನ್ನಾಗಿ ಹೊಂದುತ್ತದೆ.

ನನ್ನಿವಾಳದಲ್ಲಿ ಸದ್ಯಕ್ಕೆ ಆದದ್ದು ಇಷ್ಟು. ಕರೆಂಟನ್ನು 1 ಆಂಪಿಯರಿಗೆ ಇಳಿಸಿದೆವು. ಡ್ರೈವರುಗಳ ಮೇಲೆ ಹಳೆಯ ಗಣಕದ ಪಂಕವನ್ನು ಕಟ್ಟಿದೆವು. ಸ್ಕ್ರೂವಿನ ಒಂದು ತುದಿಯ ಬೇರಿಂಗಿನ ಕೆಳಗೆ ತೆಳು ತಗಡು ಇಟ್ಟಾಗ ಬಿಗಿ ಹೋಯಿತು. ಗರಿಷ್ಠ ವೇಗವನ್ನು 1200ಕ್ಕೆ ತಗ್ಗಿಸಿದೆವು. ಅದೇ 12 ವೋಲ್ಟಿನಲ್ಲಿ, ಅದೇ ಮೋಟಾರಿನಲ್ಲಿ ಊರಿನ ಹೆಸರು ಒತ್ತಿನ ಸಮೇತ ಸರಿಯಾಗಿ ಬಂತು. ಹಲಗೆ ಮುಗಿಯಲು ಮೊದಲಿಗಿಂತ ಕೆಲವು ನಿಮಿಷ ಹೆಚ್ಚು ಬೇಕಾಯಿತು. ಮೋಟಾರಿಗೆಂದು ಕೂಡಿಟ್ಟ ಹಣದಲ್ಲಿ ಹುಡುಗ ಈಗ 24 ವೋಲ್ಟಿನ ಸಪ್ಲೈ ಹುಡುಕುತ್ತಿದ್ದಾನೆ.